ಒಂದು ಗ್ಲಾಸ್ ಎಂದರೆ ಎಷ್ಟು

ಆ ಡಾಕ್ಟರು ನನ್ನನ್ನು ಕೇಳಲೇ ಇಲ್ಲ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಗೆಂದು ಹೋಗಿದ್ದೆ. ಅವರ ಕಂಪ್ಯೂಟರಿನ ಪರದೆಯ ಮೇಲೆ ಪ್ರಶ್ನೆಗಳು ಒಂದರ ಕೆಳಗೊಂದು ಇದ್ದವು. ಸಿಗರೇಟು? ಇಲ್ಲ. ಮಾಂಸ? ಇಲ್ಲ. ಮುಂದಿನದು ಮದ್ಯದ ಪ್ರಶ್ನೆ. ಡಾಕ್ಟರು ತಲೆ ಎತ್ತಿ ನನ್ನ ಹಣೆಯ ಕುಂಕುಮ ನೋಡಿದರು, ನಕ್ಕರು, “ಆಲ್ಕೋಹಾಲ್, ಆಬ್ವಿಯಸ್ಲಿ ನಾಟ್” ಎಂದು ತಾವೇ ಹೇಳಿಕೊಂಡರು. ಸೊನ್ನೆ ಒತ್ತಿ ಮುಂದಿನ ಪ್ರಶ್ನೆಗೆ ಹೋದರು. ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೇ? ಬಹುಶಃ ಇಲ್ಲ. ಆದರೆ ಸುಳ್ಳು ಹೇಳುವ ಕೆಲಸವನ್ನಾದರೂ ನನಗೇ ಬಿಡಬೇಕಿತ್ತಲ್ಲ!

ಆ ಸಲದ ರಕ್ತ ಪರೀಕ್ಷೆಯಲ್ಲಿ ಲಿವರಿನ ಅಂಕಿಗಳು ಮೇಲೇರಿದ್ದವು. ನಿಮ್ಮ ಕಡೆಯವರಲ್ಲಿ ಇದು ಮಾಮೂಲು, ಅನ್ನ ಕಡಿಮೆ ಮಾಡಿ, ತುಪ್ಪ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನಾನು ಮಹಾ ಶಿಸ್ತಿನ ಹೆಂಗಸು. ಮಾರನೆಯ ದಿನದಿಂದಲೇ ಅನ್ನ ಬಿಟ್ಟೆ. ತುಪ್ಪದ ಡಬ್ಬಿಯನ್ನು ಕೈಗೆಟುಕದಷ್ಟು ಮೇಲಿಟ್ಟೆ. ಎರಡು ಚಪಾತಿ, ಒಂದು ಬಟ್ಟಲು ಕೋಸಂಬರಿ, ಪಕ್ಕದಲ್ಲಿ ಒಂದು ಗ್ಲಾಸ್ ವೈನ್. ಹೀಗೆ ಒಂದು ವರ್ಷ ನನ್ನ ಲಿವರನ್ನು ಅನ್ನದಿಂದ ಕಾಪಾಡಿದೆ.

ನನ್ನ ಹೆಸರು ಸುಮಂಗಲಾ. ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ವಯಸ್ಸು ನಲವತ್ತೇಳು. ಈಗಿರುವುದು ಪರದೇಶದಲ್ಲಿ, ಕೆಂಟ್ ಎಂಬ ಊರಿನ ವಿಮಾನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೆಳಿಗ್ಗೆ ಆರಕ್ಕೆ ಶಿಫ್ಟ್, ಮಧ್ಯಾಹ್ನ ಎರಡೂವರೆಗೆ ಬಿಡುಗಡೆ. ಅಳತೆ ನನ್ನ ಕಸುಬು. ಒಂದು ತೂತು ಕೂದಲೆಳೆಯಷ್ಟು ದೊಡ್ಡದಾಗಿದ್ದರೆ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುತ್ತೇನೆ. ಅಳೆಯುವ ಉಪಕರಣವನ್ನೂ ಆಗಾಗ ಅಳೆದು ನೋಡುತ್ತೇವೆ, ಅದೂ ತಪ್ಪು ತೋರಿಸಬಹುದಲ್ಲ ಎಂದು. “ಸುಮಾ ಹೇಳಿದರೆ ಮುಗೀತು” ಎನ್ನುವ ಹೆಸರು ನನಗೆ ಅಲ್ಲಿದೆ. ಅಂಥವಳು ಮನೆಗೆ ಬಂದು ದಿನಾ ಸುರಿದುಕೊಳ್ಳುವ ಗ್ಲಾಸಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಏಳು ವರ್ಷ ನೋಡಲಿಲ್ಲ. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ದೊಡ್ಡ ಹೊಟ್ಟೆಯ ಗ್ಲಾಸ್ ಅದು. ಅದರ ತುಂಬ ಹಾಕಿಕೊಂಡರೂ ಒಂದು ಗ್ಲಾಸೇ, ಅರ್ಧ ಹಾಕಿಕೊಂಡರೂ ಒಂದು ಗ್ಲಾಸೇ. ನಾನು ಅರ್ಧ ಹಾಕಿಕೊಂಡ ನೆನಪಿಲ್ಲ.

ಶುರುವಾದದ್ದು ಎಲ್ಲರ ಮನೆಯಲ್ಲಿ ಆಗುವ ಹಾಗೆಯೇ. ಶನಿವಾರ ಯಾರಾದರೂ ಊಟಕ್ಕೆ ಕರೆಯುತ್ತಾರೆ. ಗಂಡಸರು ಗರಾಜಿನಲ್ಲೋ ಡೆಕ್ಕಿನ ಮೇಲೋ ವಿಸ್ಕಿ ಇಟ್ಟುಕೊಂಡು ನಿಲ್ಲುತ್ತಾರೆ. ಹೆಂಗಸರ ಕೈಗೆ ವೈನ್ ಬರುತ್ತದೆ. “ಏ, ಇದು ದ್ರಾಕ್ಷಿ ರಸ ಕಣೆ, ಹಾರ್ಟಿಗೆ ಒಳ್ಳೇದು” ಎಂದು ಮೊದಲ ಗ್ಲಾಸ್ ನನ್ನ ಕೈಗಿಟ್ಟವಳು ಲತಾ. ನಮ್ಮ ಬೀದಿಯಲ್ಲೇ ಮೂರು ಮನೆ ಆಚೆ ಇರುವ ಮೈಸೂರಿನವಳು, ಒಳ್ಳೆಯ ಗೆಳತಿ, ಅವಳ ಮಗಳೂ ನನ್ನ ಮಗಳೂ ಒಂದೇ ಈಜು ಕ್ಲಾಸಿನಲ್ಲಿದ್ದಾರೆ. ಅವಳನ್ನು ದೂರುತ್ತಿಲ್ಲ. ಕುಡಿಯುವುದು ಎಂದರೆ ನಮ್ಮೆಲ್ಲರ ತಲೆಯಲ್ಲಿ ಒಂದೇ ಚಿತ್ರ: ಬಸ್‌ಸ್ಟ್ಯಾಂಡಿನ ಹಿಂದೆ ಲುಂಗಿ ಬಿಚ್ಚಿಕೊಂಡು ಬಿದ್ದಿರುವವನು, ಹೆಂಡತಿಯ ತಾಳಿ ಕಿತ್ತುಕೊಂಡು ಹೋಗುವವನು. ನಾನು ಯಾರಿಗೂ ಹೊಡೆದಿರಲಿಲ್ಲ, ಎಲ್ಲೂ ಬಿದ್ದಿರಲಿಲ್ಲ, ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಐದು ಗಂಟೆಗೆ ಎದ್ದು ಮೂವರ ಡಬ್ಬಿ ಕಟ್ಟುತ್ತಿದ್ದೆ. ಹಾಗಾಗಿ ನಾನು ಕುಡಿಯುವವಳಲ್ಲ, ವೈನ್ ತೊಗೊಳ್ಳುವವಳು.

ಶನಿವಾರದ ಜೊತೆ ಭಾನುವಾರ ಸೇರಿತು. ಆಮೇಲೆ ಬುಧವಾರ, ವಾರದ ನಡುವೆ ಸುಸ್ತಾಗಿರುತ್ತದಲ್ಲ ಎಂದು. ಎರಡು ವರ್ಷದ ಹಿಂದಿನಿಂದ ಬಾಟಲಿ ಬಿಟ್ಟು ನಲ್ಲಿ ಇರುವ ರಟ್ಟಿನ ಡಬ್ಬ ತರತೊಡಗಿದೆವು. ಅದರಲ್ಲಿ ಎಷ್ಟು ಉಳಿದಿದೆ, ಎಷ್ಟು ಇಳಿದಿದೆ ಕಾಣುವುದಿಲ್ಲ. ಅದಕ್ಕೇ ಅದು ನನಗೆ ಅಷ್ಟು ಹಿಡಿಸಿತು.

ನನ್ನ ಹತ್ತಿರ ನಿಯಮಗಳಿದ್ದವು, ಮತ್ತೆ! ಸೋಮವಾರ ಮುಟ್ಟುತ್ತಿರಲಿಲ್ಲ, ಶುಕ್ರವಾರ ಮುಟ್ಟುತ್ತಿರಲಿಲ್ಲ. ಏಕಾದಶಿ, ಸಂಕಷ್ಟಿ, ಶಿವರಾತ್ರಿ ಖಂಡಿತ ಇಲ್ಲ. ಶ್ರಾವಣ ಪೂರ್ತಿ ಬಂದ್. ಯಾರಾದರೂ ಈ ವಿಷಯ ಎತ್ತಿದರೆ ನಾವೆಲ್ಲ ಹೇಳುವುದು ಇದನ್ನೇ: ಒಂದು ತಿಂಗಳು ಬಿಡ್ತೀವಿ ಕಣ್ರೀ, ಚಟ ಇದ್ದವರು ಹಾಗೆ ಬಿಡೋಕಾಗುತ್ತಾ? ನಾನೂ ಇದನ್ನು ಎದೆ ಮುಟ್ಟಿಕೊಂಡು ನಂಬಿದ್ದೆ.

ಆದರೆ ನಿಯಮಗಳನ್ನು ನಾನು ಹೇಗೆ ಪಾಲಿಸುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ, ನಾಚಿಕೆ ಎಲ್ಲ ಬಿಟ್ಟಿದ್ದೇನೆ. ಒಂದು ಸೋಮವಾರ ಕೆಲಸದಲ್ಲಿ ಯಾರೋ ರೇಗಿಸಿದ್ದರು, ಮನೆಗೆ ಬರುವಾಗ ದಾರಿಯುದ್ದಕ್ಕೂ ಟ್ರಾಫಿಕ್. ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ನಿಂತು ಡಬ್ಬ ನೋಡಿದೆ. ಸೋಮವಾರ. ಆಗ ಹೊಳೆಯಿತು: ಊರಲ್ಲಿ ಈಗ ಮಂಗಳವಾರ ಬೆಳಗಿನ ಜಾವ! ಏಕಾದಶಿ ಯಾವತ್ತು ಎಂದು ನಾವು ಊರಿಗೆ ಫೋನ್ ಮಾಡಿ ಕೇಳುತ್ತೇವೆ, ಗ್ರಹಣಕ್ಕೂ ಊರಿನ ಪಂಚಾಂಗ ನೋಡುತ್ತೇವೆ, ಮತ್ತೆ ಸೋಮವಾರವೇಕೆ ಇಲ್ಲಿಯದಾಗಬೇಕು? ಅಂದಿನಿಂದ ನನ್ನ ಸೋಮವಾರ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಶುಕ್ರವಾರವೂ ಅಷ್ಟೇ. ನನ್ನ ಗಂಡ ಶ್ರೀಧರ್ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. “ಸೂಪರ್ ಲಾಜಿಕ್ ಕಣೇ” ಎಂದರು. ಶನಿವಾರ ಎಲ್ಲರ ಮುಂದೆ ಹೇಳಿ ನಗಿಸಿದರು. ನಾನೂ ನಕ್ಕೆ. ಅಲ್ಲಿ ನಗದೆ ಇದ್ದದ್ದು ನನ್ನ ಮಗಳು ಇಂಚರ ಒಬ್ಬಳೇ.

ಅವಳಿಗೆ ಆಗ ಹದಿನಾಲ್ಕು. ವಾರಕ್ಕೆ ಮೂರು ದಿನ ಸಂಜೆ ಆರಕ್ಕೆ ಅವಳ ಈಜು ಕ್ಲಾಸ್. ನಾನೇ ಕರೆದುಕೊಂಡು ಹೋಗುತ್ತಿದ್ದೆ, ನಾಲ್ಕು ಗಂಟೆಯ ಗ್ಲಾಸಿನ ನಂತರ. ಆ ವರ್ಷದ ಚಳಿಗಾಲದಲ್ಲಿ ಒಂದು ದಿನ ಅವಳು, “ಅಮ್ಮ, ಐ ವಿಲ್ ಗೋ ವಿತ್ ಲತಾ ಆಂಟಿ ಫ್ರಮ್ ನೌ” ಎಂದಳು. ಗೆಳತಿಯ ಜೊತೆ ಹರಟೆ ಬೇಕೇನೋ, ಇರಲಿ ಬಿಡು ಎಂದುಕೊಂಡೆ. ನಿಜ ಹೇಳುತ್ತೇನೆ, ಖುಷಿಯಾಯಿತು. ಇನ್ನು ಡ್ರೈವ್ ಮಾಡುವ ಕಾಟವಿಲ್ಲ, ಎರಡನೇ ಗ್ಲಾಸನ್ನು ಏಳು ಗಂಟೆಯವರೆಗೆ ಕಾಯಬೇಕಿಲ್ಲ ಎಂದು ಖುಷಿಯಾಯಿತು. ಮಗಳು ಸ್ವತಂತ್ರಳಾಗುತ್ತಿದ್ದಾಳೆ ಎಂದು ಊರಿಗೆ ಫೋನ್ ಮಾಡಿ ನನ್ನ ಅವ್ವನ ಮುಂದೆ ಕೊಚ್ಚಿಕೊಂಡೆ ಬೇರೆ.

ಕಳೆದ ವರ್ಷ ಶ್ರಾವಣ ಗುರುವಾರ ಶುರುವಾಯಿತು. ಹಿಂದಿನ ಶನಿವಾರ, ಭಾನುವಾರ ಎಂದಿನಂತೆ ದೊಡ್ಡ ಪಾರ್ಟಿ. ಇನ್ನು ಒಂದು ತಿಂಗಳು ಸಿಗುವುದಿಲ್ಲ ಎಂದು ಎಲ್ಲರೂ ಆ ಎರಡು ದಿನದಲ್ಲೇ ತಿಂಗಳಿನದನ್ನು ಮುಗಿಸಿಬಿಡುತ್ತಾರೆ. ಮನೆಯಲ್ಲಿ ಹೊಸ ಡಬ್ಬ ಇತ್ತು. ಶ್ರಾವಣದಲ್ಲಿ ಅದು ದೇವರ ಮನೆ ಇರುವ ಸೂರಿನಡಿ ಇರಬಾರದು. ಸಿಂಕಿಗೆ ಸುರಿಯಬಹುದಿತ್ತು. ಸುರಿಯಲಿಲ್ಲ, ದಂಡವಲ್ಲವೇ! ಮೂರು ದಿನದಲ್ಲಿ, ಬುಧವಾರ ಸಂಜೆ ಎಂಟು ಗಂಟೆಯೊಳಗೆ ನಾನೇ ಅದನ್ನು ಖಾಲಿ ಮಾಡಿದೆ. ರಟ್ಟನ್ನು ಮಡಿಸಿ ರೀಸೈಕ್ಲಿಂಗಿಗೆ ಹಾಕಿ, ತಲೆಗೆ ಸ್ನಾನ ಮಾಡಿ, ಮನೆ ಒರೆಸಿದೆ.

ಗುರುವಾರ ಕೆಲಸದಲ್ಲಿ ಬೆರಳು ನಡುಗುತ್ತಿದ್ದವು. ಒಂದೇ ಭಾಗವನ್ನು ನಾಲ್ಕು ಸಲ ಅಳೆದರೂ ನಾಲ್ಕು ಬೇರೆ ಅಂಕಿ ಬಂದವು. ಪ್ರತಿ ವರ್ಷ ಶ್ರಾವಣದ ಮೊದಲ ದಿನಗಳಲ್ಲಿ ಹೀಗೇ ಸ್ವಲ್ಪ ಆಗುತ್ತಿತ್ತು, ಒಪ್ಪತ್ತು ಊಟದಿಂದ ಎಂದುಕೊಳ್ಳುತ್ತಿದ್ದೆ. ಆ ಸಲ ಹೆಚ್ಚಾಗಿತ್ತು. ಸಂಜೆ ಅವ್ವ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡಿ ಗಾಬರಿಯಾದಳು. “ಯವ್ವಾ, ಏನಾಗೇದ ನಿನಗ? ಹೊಟ್ಟಿಗೇನೂ ಹಾಕ್ಕೊಳ್ಳದ ಹಂಗ ಕುಂತ್ರ ಕೈ ನಡಗದ ಏನ ಮಾಡ್ತಾವು? ಒಂದ ಲೋಟ ಹಾಲರ ಕುಡಿ” ಎಂದಳು. ಕುಡಿದೆ, ವಾಂತಿಯಾಯಿತು. ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಶುಕ್ರವಾರ ರಜೆ ಹಾಕಿದ್ದೆ. ಮಧ್ಯಾಹ್ನ ಲಕ್ಷ್ಮಿ ಪೂಜೆ, ಲತಾ ಮತ್ತು ಇನ್ನಿಬ್ಬರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಶ್ರೀಧರ್ ಶುಕ್ರವಾರ ಆಫೀಸಿಗೆ ಹೋಗುವುದಿಲ್ಲ, ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದರು. ಇಂಚರಳಿಗೆ ಬೇಸಿಗೆ ರಜೆ. ಬೆವರು ಸೀರೆಯಿಂದ ಇಳಿಯುತ್ತಿತ್ತು. ದೀಪಕ್ಕೆ ಎಣ್ಣೆ ಹಾಕಲು ಹೋದರೆ ಎಣ್ಣೆಯೆಲ್ಲ ಮಣೆಯ ಮೇಲೆ. ರಂಗೋಲಿಯ ಗೆರೆಗಳು ಇರುವೆ ಸಾಲಿನಂತೆ ಹರಿದಾಡುತ್ತಿರುವುದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. “ರೀ, ಇರುವೆ ಬಂದಿವೆ ನೋಡಿ” ಎಂದು ಕೂಗಿದ್ದು ನೆನಪಿದೆ. ಆಮೇಲಿನದು ನನಗೆ ಗೊತ್ತಿಲ್ಲ. ಇಂಚರ ಹೇಳಿದ್ದು: ನಾನು ನಿಂತಲ್ಲೇ ಬಿದ್ದೆ, ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಶ್ರೀಧರ್ ಓಡಿ ಬಂದು, “ಉಪವಾಸ, ಶುಗರ್ ಡೌನ್ ಆಗಿದೆ, ಸಕ್ಕರೆ ನೀರು ತಾ” ಎಂದರಂತೆ. ಅವಳು ಸಕ್ಕರೆ ತರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಳು.

ಎಮರ್ಜೆನ್ಸಿಯಲ್ಲಿ ಎಚ್ಚರವಾದಾಗ ನಾಲಿಗೆ ಕಚ್ಚಿಕೊಂಡು ಬಾಯಿಯೆಲ್ಲ ರಕ್ತದ ರುಚಿ. ಒಬ್ಬ ಎಳೆಯ ಡಾಕ್ಟರು ಬಗ್ಗಿ, ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು ಎಂದು ಕೇಳಿದರು. ನೇರವಾಗಿ, ಯಾವ ಮುಜುಗರವೂ ಇಲ್ಲದೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶ್ರೀಧರ್, “ನೋ ನೋ, ಶೀ ಡಸಂಟ್ ಡ್ರಿಂಕ್. ಶೀ ಈಸ್ ಫಾಸ್ಟಿಂಗ್” ಎಂದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಹೌದು, ಆಡಿಸಿದೆ! ಆ ಮಂಚದ ಮೇಲೆ, ಮೈಯೆಲ್ಲ ವೈರು ಅಂಟಿಸಿಕೊಂಡು ಮಲಗಿ, ಮರ್ಯಾದೆ ಕಾಪಾಡಿಕೊಳ್ಳಲು ತಲೆ ಆಡಿಸಿದೆ.

“ಅಪ್ಪಾ, ಸ್ಟಾಪ್,” ಇಂಚರಳ ದನಿ ಬಂತು. ಮೂಲೆಯ ಕುರ್ಚಿಯಿಂದ ಎದ್ದು ಮಂಚದ ಹತ್ತಿರ ಬಂದಳು. “ಶೀ ಡ್ರಿಂಕ್ಸ್ ಎವ್ರಿ ಡೇ. ಎ ಲಾಟ್. ಶೀ ಸ್ಟಾಪ್ಡ್ ಆನ್ ವೆಡ್ನೆಸ್‌ಡೇ.”

ಆ ಕ್ಷಣದಲ್ಲಿ ನನ್ನ ಹೆತ್ತ ಮಗಳನ್ನು ನಾನು ದ್ವೇಷಿಸಿದೆ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಡಾಕ್ಟರು ತಕ್ಷಣ ನರ್ಸಿಗೆ ಏನೋ ಹೇಳಿದರು, ಡ್ರಿಪ್ಪಿಗೆ ಬೇರೆ ಔಷಧ ಬಂತು, ನಡುಕ ಮೆಲ್ಲಗೆ ಇಳಿಯಿತು. ಉಪವಾಸದ ಸುಸ್ತೆಂದುಕೊಂಡು ಸುಮ್ಮನೆ ಗ್ಲೂಕೋಸ್ ಹಾಕಿ ಮನೆಗೆ ಕಳಿಸಿದ್ದರೆ ಮತ್ತೊಂದು ಫಿಟ್ಸ್ ಬಂದು ಉಳಿಯುತ್ತಿದ್ದಿರೋ ಇಲ್ಲವೋ ಎಂದು ಅವರು ಆಮೇಲೆ ಹೇಳಿದರು. ದಿನಾ ಕುಡಿಯುವ ಮೈ ಹೀಗೆ ಒಂದೇ ಏಟಿಗೆ ಬಿಟ್ಟರೆ ತಾಳುವುದಿಲ್ಲವಂತೆ. ಬಿಡಬೇಕು, ಆದರೆ ಡಾಕ್ಟರಿಗೆ ಹೇಳಿ ಬಿಡಬೇಕು. ವರ್ಷ ವರ್ಷ ಶ್ರಾವಣದಲ್ಲಿ ದಿಢೀರನೆ ಬಿಟ್ಟು, ಮತ್ತೆ ಹಿಡಿದು ನಾನು ಅದನ್ನು ಇನ್ನಷ್ಟು ಹಾಳು ಮಾಡಿಕೊಂಡಿದ್ದೆ. ನನ್ನ ಹಿಡಿತಕ್ಕೆ ಸಾಕ್ಷಿ ಎಂದು ಹೆಮ್ಮೆಯಿಂದ ತೋರಿಸುತ್ತಿದ್ದೆನಲ್ಲ, ಆ ಶ್ರಾವಣವೇ ನನ್ನನ್ನು ಕೆಡವಿತು.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಎರಡನೆಯ ದಿನ ಇಂಚರ ಇಲ್ಲದ ಹೊತ್ತು ನೋಡಿ ಶ್ರೀಧರ್ ಕುರ್ಚಿ ಹತ್ತಿರ ಎಳೆದುಕೊಂಡರು.

“ನೋಡು, ಡಿಸ್ಚಾರ್ಜ್ ಪೇಪರಲ್ಲಿ ಆ ಪದ ಹಾಕ್ಬೇಡಿ ಅಂತ ರಿಕ್ವೆಸ್ಟ್ ಮಾಡೋಣ. ರೆಕಾರ್ಡ್‌ಗೆ ಬಂದ್ರೆ ಇನ್ಶೂರೆನ್ಸು, ನಿನ್ ಕೆಲ್ಸ, ಎಲ್ಲಾ ತೊಂದ್ರೆ. ನಮ್ ಜನದ ಬಾಯಿಗೆ ಬಿದ್ರಂತೂ ಮುಗೀತು.”

“ರೀ, ನಾನು ಸಾಯ್ತಿದ್ದೆ.”

“ಸಾಯೋ ಮಾತು ಯಾಕೆ? ಆಯ್ತಲ್ಲ ಈಗ.”

“ನೀವು ಅವರಿಗೆ ಸುಳ್ಳು ಹೇಳಿದ್ರಿ. ನಾನು ಅಲ್ಲಿ ಒದ್ದಾಡ್ತಿದ್ರೆ ನೀವು ರೆಕಾರ್ಡ್ ಕಾಯ್ತಾ ನಿಂತಿದ್ರಿ!”

“ನೀನೂ ತಲೆ ಆಡಿಸಿದ್ಯಲ್ಲೇ,” ಎಂದರು ಅವರು.

ಗೋಡೆ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಅಳುವುದು ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ. ಅಯ್ಯೋ ಪಾಪ ಎನಿಸಿತು, ಸಿಟ್ಟೂ ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು, ಈಗಲೂ ಇವೆ.

ಮನೆಗೆ ಬಂದ ದಿನ ಲತಾ ಸಾರು, ಪಲ್ಯ, ಮೊಸರನ್ನ ಹಿಡಿದುಕೊಂಡು ಬಂದಳು. ಕೈ ಹಿಡಿದು, “ಯೋಚ್ನೆ ಮಾಡ್ಬೇಡ, ಎಲ್ರಿಗೂ ಲೋ ಬಿಪಿ ಅಂತ ಹೇಳಿದೀನಿ” ಎಂದಳು. ನಾನು ಅವಳನ್ನು ಹಾಗೆ ಹೇಳು ಎಂದಿರಲಿಲ್ಲ. ಡಾಕ್ಟರು ಸೊನ್ನೆ ಒತ್ತಿದರು, ಗಂಡ ಉಪವಾಸ ಎಂದರು, ಗೆಳತಿ ಲೋ ಬಿಪಿ ಎಂದಳು. ನನ್ನ ಪರವಾಗಿ ಸುಳ್ಳು ಹೇಳಲು ಊರೆಲ್ಲ ತುದಿಗಾಲಲ್ಲಿ ನಿಂತಿತ್ತು! ಅದೇ ನನ್ನ ಜಾಗದಲ್ಲಿ ಶ್ರೀಧರ್ ಬಿದ್ದಿದ್ದರೆ? “ಏನ್ ಗುರೂ, ಓವರ್ ಆಯ್ತಾ” ಎಂದು ಗರಾಜಿನಲ್ಲಿ ಬೆನ್ನು ತಟ್ಟುತ್ತಿದ್ದರು. ಮುಚ್ಚಿಡುವುದೇನು, ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಹೆಂಗಸಾದರೆ ಮಾತ್ರ ಲೋ ಬಿಪಿ.

ಆದರೂ ಅವಳ ಮೊಸರನ್ನವನ್ನು ಬಾಯಿ ಚಪ್ಪರಿಸಿಕೊಂಡು ತಿಂದೆ. ವರ್ಷದ ಮೇಲೆ ತಿಂದ ಅನ್ನ ಅದು. ಉಪ್ಪು, ಶುಂಠಿ, ಕರಿಬೇವು ಎಲ್ಲ ಹದವಾಗಿತ್ತು. ತಿನ್ನುತ್ತ ಕಣ್ಣಲ್ಲಿ ನೀರು ಬಂತು.

ಮುಂದಿನ ವಾರ ಕ್ಲಿನಿಕ್ಕಿಗೆ ಬರಲು ಹೇಳಿದ್ದರು. ಅಲ್ಲಿ ಈ ಕುಡಿತದ ವಿಷಯಕ್ಕೆಂದೇ ಇದ್ದ ನರ್ಸಿನ ಹೆಸರು ಗ್ರೇಸ್, ಫಿಲಿಪೀನ್ಸ್ ಕಡೆಯವಳು, ನನ್ನದೇ ವಯಸ್ಸು. ಫೋನಿನಲ್ಲಿ ಮೊದಲೇ ಹೇಳಿದ್ದಳು: ಮನೆಯಲ್ಲಿ ನೀವು ಕುಡಿಯುವ ಗ್ಲಾಸನ್ನೇ ತನ್ನಿ, ಮನೆಯವರನ್ನೂ ಕರೆತನ್ನಿ. ಶ್ರೀಧರ್, ಇಂಚರ ಇಬ್ಬರೂ ಜೊತೆಗೆ ಬಂದರು. ಗ್ಲಾಸನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಾಯುವ ಕೋಣೆಯಲ್ಲಿ ಕೂತಿದ್ದೆ. ಅಕ್ಕಪಕ್ಕ ಕೂತವರೆಲ್ಲ ನನ್ನ ಟವೆಲನ್ನೇ ನೋಡುತ್ತಿದ್ದಾರೆ ಎನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಎದುರಿಗೆ ಒಬ್ಬ ಮುದುಕರು ಸ್ವೆಟರಿನ ಗುಂಡಿ ಹಾಕಲು ಹೆಣಗುತ್ತಿದ್ದರು, ನನ್ನ ಹಾಗೆಯೇ ಅವರ ಬೆರಳೂ ನಡುಗುತ್ತಿದ್ದವು. ನನ್ನನ್ನು ನೋಡಿ ಒಮ್ಮೆ ನಕ್ಕರು. ಅಷ್ಟು ದಿನದಲ್ಲಿ ನನ್ನನ್ನು ಸಮಾಧಾನ ಮಾಡಿದ್ದು ಅದೊಂದೇ.

ಗ್ರೇಸ್ ಒಂದು ಹೂಜಿ ನೀರು ಮುಂದಿಟ್ಟಳು. ದಿನಾ ಹಾಕಿಕೊಳ್ಳುವಷ್ಟು ಹಾಕಿ ಎಂದಳು. ಹಾಕಿದೆ. ಅದನ್ನು ಗೆರೆ ಇರುವ ಜಾಡಿಗೆ ಸುರಿದು ನನ್ನ ಕಡೆ ತಿರುಗಿಸಿದಳು. ಓದುವುದು ನನ್ನ ಕೆಲಸವಲ್ಲವೇ, ಓದಿದೆ. ಹದಿಮೂರು ಔನ್ಸ್. ಅವರ ಲೆಕ್ಕದಲ್ಲಿ ಒಂದು ಗ್ಲಾಸ್ ವೈನ್ ಎಂದರೆ ಐದು ಔನ್ಸ್, ಸುಮಾರು ನೂರೈವತ್ತು ಮಿಲಿ. ನನ್ನ ಎರಡು ಗ್ಲಾಸ್ ಎಂದರೆ ಒಂದು ಇಡೀ ಬಾಟಲಿ, ಮೇಲೆ ಒಂದು ಗುಟುಕು. ದಿನಾ. ಕಾರ್ಖಾನೆಯಲ್ಲಾಗಿದ್ದರೆ ಇಂಥ ತಪ್ಪಿಗೆ ಯಂತ್ರಗಳ ಇಡೀ ಸಾಲನ್ನೇ ನಿಲ್ಲಿಸುತ್ತಿದ್ದೆ. ಶ್ರೀಧರ್ ಜಾಡಿಯನ್ನೇ ನೋಡುತ್ತ ಕೂತಿದ್ದರು. ಅವರು ತಮ್ಮ ಪೆಗ್ಗನ್ನು ಎಂದೂ ಅಳೆದಿಲ್ಲ, ಅಳೆಯಿರಿ ಎಂದು ಅವರಿಗೆ ಯಾರೂ ಹೇಳಿಯೂ ಇಲ್ಲ.

ಆಮೇಲೆ ಪ್ರಶ್ನೆಗಳು. ಒಮ್ಮೆ ಶುರು ಮಾಡಿದರೆ ನಿಲ್ಲಿಸಲು ಆಗದೆ ಹೋದದ್ದಿದೆಯೇ? ಹಿಂದಿನ ಸಂಜೆ ನಡೆದದ್ದು ಮರೆತುಹೋದದ್ದಿದೆಯೇ? ಕುಡಿದ ಮೇಲೆ ತಪ್ಪು ಮಾಡಿದೆ ಎನಿಸಿದೆಯೇ? ಎಷ್ಟು ಸರಳ ಪ್ರಶ್ನೆಗಳು! ಒಂದು ಹಾಳೆಯಲ್ಲಿ ಹಿಡಿಯುವಷ್ಟು, ಐದು ನಿಮಿಷದ ಕೆಲಸ. ನನ್ನ ಕುಂಕುಮ ನೋಡಿ ಬಿಟ್ಟುಬಿಟ್ಟ ಐದು ನಿಮಿಷ ಇದು. ಕೊನೆಯ ಪ್ರಶ್ನೆ: ನಿಮ್ಮ ಕುಡಿತದ ಬಗ್ಗೆ ಹತ್ತಿರದವರು ಯಾರಾದರೂ ಚಿಂತೆ ಮಾಡಿದ್ದಾರೆಯೇ?

“ಇಲ್ಲ,” ಎಂದೆ. ಅದನ್ನಂತೂ ನಾನು ಪ್ರಾಮಾಣಿಕವಾಗಿಯೇ ಹೇಳಿದ್ದೆ.

ಇಂಚರ ಫೋನ್ ಕೆಳಗಿಟ್ಟಳು. “ಅಮ್ಮ, ವೈ ಡೂ ಯೂ ಥಿಂಕ್ ಐ ಗೋ ವಿತ್ ಲತಾ ಆಂಟಿ?”

ನಾನು ಅವಳ ಮುಖ ನೋಡಿದೆ.

“ಯೂ ಕ್ರಾಸ್ಡ್ ದ ಲೈನ್. ಟ್ವೈಸ್. ಎ ಟ್ರಕ್ ವಾಸ್ ಕಮಿಂಗ್. ಯೂ ವರ್ ಸಿಂಗಿಂಗ್. ಯೂ ಡಿಡಂಟ್ ಈವನ್ ಸೀ ಇಟ್.”

ಆ ಸಂಜೆ ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ಲಾರಿ ಇಲ್ಲ, ರಸ್ತೆಯ ನಡುಗೆರೆ ಇಲ್ಲ, ಹಾಡಿಲ್ಲ. ಪಕ್ಕದ ಸೀಟಿನಲ್ಲಿ ನನ್ನ ಮಗಳು ಸಾಯಲಿದ್ದಳು, ನನಗೆ ಅದರ ಅರಿವೇ ಇರಲಿಲ್ಲ. ಮನೆಗೆ ಬಂದು ಅಡುಗೆ ಮಾಡಿರಬೇಕು, ಬಡಿಸಿರಬೇಕು. ಅವಳು ಯಾರಿಗೂ ಹೇಳದೆ ಉಂಡು ಮಲಗಿದ್ದಳು. ಯಾಕೆ ಹೇಳಲಿಲ್ಲವೇ ಎಂದು ಕೇಳಿದೆ. “ಯೂ ಗೈಸ್ ವುಡ್ ಜಸ್ಟ್ ಲಾಫ್” ಎಂದಳು. ನನಗೆ ನನ್ನ ಮೇಲೆ ಬಂದ ಸಿಟ್ಟಿಗೆ ಹೋಲಿಸಿದರೆ ಉಳಿದವರ ಮೇಲಿನದೆಲ್ಲ ಸಿಟ್ಟೇ ಅಲ್ಲ.

ಆ ಬುಧವಾರದಿಂದ ಇಂದಿನವರೆಗೆ ಮುಟ್ಟಿಲ್ಲ. ಗುಳಿಗೆ ಇದೆ, ಗ್ರೇಸ್ ಇದ್ದಾಳೆ, ವಾರಕ್ಕೊಮ್ಮೆ ಕೂತು ಮಾತಾಡುವ ಹೆಂಗಸರ ಗುಂಪೊಂದಿದೆ. ನಾಲ್ಕು ಗಂಟೆ ಈಗಲೂ ಕೆಟ್ಟದ್ದು. ಆ ಹೊತ್ತಿಗೆ ರಸ್ತೆಗಿಳಿದು ನಡೆಯುತ್ತೇನೆ, ಮಳೆಯಿದ್ದರೂ. ಡಾಕ್ಟರನ್ನು ಬದಲಿಸಿದೆ. ಹಳೆಯ ಡಾಕ್ಟರಿಗೆ ಒಂದು ಕಾಗದವನ್ನೂ ಬರೆದೆ: ಮುಂದಿನ ಸಲ ಕುಂಕುಮ ಇಟ್ಟವಳು ಬಂದರೆ ದಯವಿಟ್ಟು ಕೇಳಿ ಎಂದು. ಉತ್ತರ ಬರಲಿಲ್ಲ.

ಗಣೇಶನ ಹಬ್ಬದ ಊಟದಲ್ಲಿ ಒಬ್ಬರು, “ಈಗ ಬಿಪಿ ಹೇಗಿದೆ ಸುಮಂಗಲಾ?” ಎಂದು ಕೇಳಿದರು. ಕೈಯಲ್ಲಿ ತಟ್ಟೆ ಹಿಡಿದ ಹತ್ತು ಹನ್ನೆರಡು ಜನ ಸುತ್ತ ಇದ್ದರು. “ಬಿಪಿ ಅಲ್ಲ ರೀ, ಕುಡಿತ. ದಿನಾ ಒಂದು ಬಾಟಲ್ ಕುಡೀತಿದ್ದೆ” ಎಂದೆ. ಯಾರೋ ಪಾಯಸ ಚೆನ್ನಾಗಿದೆ ಎಂದರು. ಶ್ರೀಧರರ ಕಿವಿಯೆಲ್ಲ ಕೆಂಪಾಗಿತ್ತು, ಆದರೆ ಅವರು ನನ್ನ ಪಕ್ಕದಿಂದ ಅಲ್ಲಾಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹೊರಡುವಾಗ ಚಪ್ಪಲಿ ಹುಡುಕುತ್ತಿದ್ದೆ. ಲತಾ ಪಕ್ಕ ಬಂದು ಕೂತು, ತನ್ನ ಚಪ್ಪಲಿಯ ಪಟ್ಟಿ ಬಿಗಿಯುತ್ತ, ತಲೆ ಎತ್ತದೆ ಕೇಳಿದಳು: “ಸುಮಾ, ಒಂದು ಗ್ಲಾಸ್ ಅಂದ್ರೆ ಎಷ್ಟು ಲೆಕ್ಕ ಅಂದ್ರು ಅವ್ರು?” ಹೇಳಿದೆ. ಅವಳು ಎದ್ದು ಹೋದಳು. ಮರುದಿನ ಬೆಳಿಗ್ಗೆ ಫೋನ್ ಮಾಡಿದಳು. ಅವಳು ಏನು ಹೇಳಿದಳೆಂಬುದು ಅವಳ ವಿಷಯ. ಈ ಬರಹವನ್ನು ಬರೆಯುತ್ತಿರುವುದು ಅವಳಂಥವರಿಗೆ. ನಿಮ್ಮ ಗ್ಲಾಸನ್ನು ಒಮ್ಮೆ ಅಳೆಯಿರಿ. ಯಾರೂ ಕೇಳುವುದಿಲ್ಲ, ನೀವೇ ಕೇಳಿಕೊಳ್ಳಬೇಕು.

ನಾನು ಬಿಟ್ಟ ಮೇಲೂ ಇಂಚರ ನನ್ನ ಕಾರು ಹತ್ತಲಿಲ್ಲ. ನಾನೂ ಕರೆಯಲಿಲ್ಲ. ವಾರಕ್ಕೆ ಮೂರು ಸಂಜೆ ಲತಾಳ ಕಾರು ಬಂದು ಹಾರ್ನ್ ಮಾಡುತ್ತಿತ್ತು, ಇವಳು ಬ್ಯಾಗ್ ಹೆಗಲಿಗೇರಿಸಿ ಹೋಗುತ್ತಿದ್ದಳು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಡಿಸೆಂಬರಿನ ಒಂದು ಸಂಜೆ ನನಗೆ ನೆಗಡಿಯಾಗಿ ಶುಂಠಿ ಕಷಾಯ ಕುದಿಸಿ ಲೋಟಕ್ಕೆ ಹಾಕಿಟ್ಟಿದ್ದೆ. ಒಗೆದ ಬಟ್ಟೆ ತೆಗೆದು ವಾಪಸ್ ಬಂದರೆ ಇಂಚರ ಕಟ್ಟೆಯ ಹತ್ತಿರ ನಿಂತು ನನ್ನ ಲೋಟವನ್ನು ಮೂಗಿನ ಹತ್ತಿರ ಹಿಡಿದಿದ್ದಳು.

“ಏನ್ ಮಾಡ್ತಿದೀಯ?” ಎಂದೆ.

ಅವಳು ಬೆಚ್ಚಲಿಲ್ಲ. “ಚೆಕಿಂಗ್.”

“ದಿನಾ ಮಾಡ್ತೀಯಾ?”

“ಎವ್ರಿ ಡೇ. ಸಿನ್ಸ್ ದ ಹಾಸ್ಪಿಟಲ್.”

ರಕ್ತ ನೆತ್ತಿಗೇರಿತು. ನಾಲ್ಕು ತಿಂಗಳು! ಒಂದು ಹನಿ ಮುಟ್ಟದೆ ಹಲ್ಲು ಕಚ್ಚಿಕೊಂಡು ಕಳೆದ ನಾಲ್ಕು ತಿಂಗಳು, ನನ್ನ ಬೆನ್ನ ಹಿಂದೆ ನನ್ನ ಲೋಟಗಳನ್ನು ಮೂಸುತ್ತಿದ್ದಾಳೆ ಇವಳು! ಬೈಯಲು ಬಾಯಿ ತೆರೆದೆ. ಅವಳು ಲೋಟ ಹಿಡಿದುಕೊಂಡೇ ನಿಂತಿದ್ದಳು, ಬೈದರೂ ಕೆಳಗಿಡುವುದಿಲ್ಲ ಎಂಬ ಹಾಗೆ. ಆಸ್ಪತ್ರೆಯಲ್ಲಿ ಮೂಲೆಯಿಂದ ಎದ್ದು ಬಂದಾಗಲೂ ಅವಳ ಮುಖ ಹೀಗೇ ಇದ್ದಿರಬೇಕು. ಇಷ್ಟು ಜನರಲ್ಲಿ ನನ್ನ ಮಾತನ್ನು ನಂಬದವಳು ಇವಳೊಬ್ಬಳೇ, ನಾನು ಬದುಕಿರುವುದು ಅದರಿಂದಲೇ.

“ಸರಿ,” ಎಂದೆ. “ಬಿಡ್ಬೇಡ. ನಾನು ಬೈದ್ರೂ ಬಿಡ್ಬೇಡ.”

“ಐ ವೋಂಟ್,” ಎಂದಳು. ಇನ್ನೊಂದು ಸಲ ಮೂಸಿ ಲೋಟವನ್ನು ನನ್ನ ಕೈಗಿಟ್ಟಳು. ಫೋನ್ ತೆಗೆದು ಏನೋ ಟೈಪ್ ಮಾಡಿದಳು.

“ಯಾರಿಗೆ?”

“ಲತಾ ಆಂಟಿಗೆ. ಟೋಲ್ಡ್ ಹರ್ ನಾಟ್ ಟು ಕಮ್.” ಬ್ಯಾಗ್ ಎತ್ತಿಕೊಂಡಳು. “ಕಷಾಯ ಮುಗ್ಸಿ ಬಾ. ಕ್ಲಾಸ್ ಈಸ್ ಅಟ್ ಸಿಕ್ಸ್.”

ನಾನು ಹೊರಗೆ ಬರುವಷ್ಟರಲ್ಲಿ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದಳು.

“ಐ ವಿಲ್ ಚೆಕ್ ಟುಮಾರೋ ಟೂ,” ಎಂದಳು.

“ನೋಡು,” ಎಂದು ಗಾಡಿ ಸ್ಟಾರ್ಟ್ ಮಾಡಿದೆ.